ನೀಲಿಯ ಒಡಲಿನ ಕೆಂಪು

ನೀಲಿ ಎಂದೊಡನೆ ನಮಗೆ ನೆನಪಾಗುವುದು 1917ರ ಚಂಪಾರಣ್ ಸತ್ಯಾಗ್ರಹ. ಅದೇ ಬಣ್ಣಕ್ಕೆ ಚೀನಾದಲ್ಲಿ ಔಷಧದ ಸ್ಥಾನವೂ ಇತ್ತು. ಅಲ್ಲಿನವರು ನೀಲಿಸೊಪ್ಪನ್ನು ನೀರಿನಲ್ಲಿ ಕೊಳೆಯಿಸಿ, ಸುಣ್ಣ ಬೆರೆಸಿ ಕಲಕಿ, ಮೇಲೆದ್ದ ನೊರೆಯನ್ನು ಒಣಗಿಸಿ ಪುಡಿಮಾಡುತ್ತಿದ್ದರು. ಈ ಪುಡಿಯ ಹೆಸರು ಚಿಂಗ್‌ದಾಯ್. ಗಿಡಗಳು ನಮ್ಮ ನೀಲಿಗಿಡಕ್ಕಿಂತ ಬೇರೆ ಜಾತಿಯವು. ಬಣ್ಣದ ಅಣು ಮಾತ್ರ ಒಂದೇ.

'ದಾಂಗ್‌ಗುಯಿ ಲೋಂಗ್‌ಹುಯಿ ವಾನ್' ಎಂಬ ಹಳೆಯ ಗುಳಿಗೆಯಲ್ಲಿ ಈ ಪುಡಿಯೂ ಒಂದು ಘಟಕ. ನಮ್ಮ ಲೋಳೆಸರದ ಬಳಗದ ರಸ, ಕಸ್ತೂರಿ ಇವೆಲ್ಲ ಸೇರಿ ಅದರಲ್ಲಿ 11 ದ್ರವ್ಯಗಳು. ಚೀನೀ ವೈದ್ಯವಿಜ್ಞಾನ ಅಕಾಡೆಮಿಯ ರಕ್ತರೋಗ ಸಂಸ್ಥೆಯವರು ದೀರ್ಘಕಾಲಿಕ ಮೈಲಾಯ್ಡ್ ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರಿಗೆ ಇದನ್ನು ಪ್ರಯೋಗಿಸಿದಾಗ ಕೆಲವರಲ್ಲಿ ಗುಣ ಕಂಡುಬಂದಿತು. ಆಮೇಲೆ ಅವರು ಮಾಡಿದ ಕೆಲಸವೇ ನನಗೆ ಮುಖ್ಯವೆನಿಸುತ್ತದೆ. ಪೂರ್ವಿಕರ ಮದ್ದೆಂದು ಕೈಮುಗಿದು ಕೂಡದೆ, ದ್ರವ್ಯಗಳನ್ನು ಬೇರ್ಪಡಿಸಿ ಪರೀಕ್ಷಿಸಿದರು. ಉಳಿದದ್ದು ಚಿಂಗ್‌ದಾಯ್ ಒಂದೇ. ಅದರಲ್ಲಿಯೂ ಕೆಲಸ ಮಾಡುತ್ತಿದ್ದುದು ನೀಲಿಯಲ್ಲ, ನೀಲಿಯ ಜೊತೆಯಲ್ಲೇ ಹುಟ್ಟುವ ಇಂಡಿರುಬಿನ್ ಎಂಬ ಕೆಂಪು ವಸ್ತು! ನನ್ನ ತರಗತಿಯಲ್ಲಿ ಕುಳಿತವರಿಗೆ ಸಮಾಂಗಿಗಳು ನೆನಪಿರಬೇಕು: ಎರಡಕ್ಕೂ ಅಣುಸೂತ್ರ ಒಂದೇ, ಪರಮಾಣುಗಳ ಜೋಡಣೆ ಬೇರೆ. ಬಣ್ಣಗಾರರು ಕಲ್ಮಶವೆಂದು ಎಣಿಸಿದ್ದು ಇದನ್ನೇ. ಇದನ್ನು ಸೇವಿಸಿದ ರೋಗಿಗಳಿಗೆ ಹೊಟ್ಟೆನೋವು, ಭೇದಿ ಬಾಧಿಸುತ್ತಿದ್ದವು. 2001ರಲ್ಲಿ ಇಮ್ಯಾಟಿನಿಬ್ ಬಂದ ಮೇಲೆ ಆ ರೋಗದ ಚಿಕಿತ್ಸೆಯ ದಾರಿಯೇ ಬದಲಾಯಿತು.

ಆದರೆ ಇಂಡಿರುಬಿನ್ನಿನ ಕಥೆ ಅಲ್ಲಿಗೆ ನಿಲ್ಲಲಿಲ್ಲ. ಜೀವಕೋಶಗಳ ವಿಭಜನೆಯನ್ನು ನಡೆಸುವ ಕೆಲವು ಕಿಣ್ವಗಳನ್ನು ಅದು ತಡೆಯುತ್ತದೆಂದು 1999ರಲ್ಲಿ ತಿಳಿದುಬಂದಿತು. ಇದರಿಂದ ಮಿದುಳಿನ ಗ್ಲಿಯೋಬ್ಲಾಸ್ಟೋಮಾ ಗಡ್ಡೆಯತ್ತ ಸಂಶೋಧಕರ ಗಮನ ಹರಿಯಿತು. ಈ ರೋಗದ ಕ್ರೌರ್ಯವಿರುವುದು ಕೋಶಗಳ ಸಂಚಾರದಲ್ಲಿ. ಶಸ್ತ್ರವೈದ್ಯರು ಗಡ್ಡೆಯನ್ನು ತೆಗೆದರೂ ಅದರ ಕೋಶಗಳು ಆಗಲೇ ಸುತ್ತಲಿನ ಮಿದುಳಿನೊಳಕ್ಕೆ ತೆವಳಿಹೋಗಿರುತ್ತವೆ. ವಿಕಿರಣದೊಡನೆ ಟೆಮೊಜೊಲೊಮೈಡ್ ಮಾತ್ರೆ ಕೊಟ್ಟಾಗ ಮಧ್ಯಕ ಆಯುಷ್ಯ 12.1 ತಿಂಗಳಿಂದ 14.6 ತಿಂಗಳಿಗೆ ಏರಿತೆಂಬುದೇ 2005ರಲ್ಲಿ ದೊಡ್ಡ ಸುದ್ದಿಯಾಗಿತ್ತು. 2011ರಲ್ಲಿ ಅಮೆರಿಕದ ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದ ತಂಡವು ಇಂಡಿರುಬಿನ್ನಿನ ರೂಪಾಂತರಗಳು ಇಲಿಗಳಲ್ಲಿ ಈ ತೆವಳುವಿಕೆಯನ್ನೂ ಗಡ್ಡೆಯ ಹೊಸ ರಕ್ತನಾಳಗಳ ಬೆಳವಣಿಗೆಯನ್ನೂ ತಗ್ಗಿಸುತ್ತವೆಂದು ಪ್ರಕಟಿಸಿತು.

ಇಲಿಗಳಲ್ಲಿ, ಎಂಬ ಪದವನ್ನು ದಯಮಾಡಿ ಗಮನಿಸಿರಿ. ಬಂಧುವೊಬ್ಬರ ಮಿದುಳಿನ ಗಡ್ಡೆಗೆ ಚೀನಾದ ಪುಡಿ ತರಿಸಬಹುದೇ ಎಂದು ಹಳೆಯ ವಿದ್ಯಾರ್ಥಿಯೊಬ್ಬರು ನನ್ನನ್ನು ಕೇಳಿದ್ದುಂಟು. ಆಸ್ಪತ್ರೆಯ ಚಿಕಿತ್ಸೆಯನ್ನು ಬಿಡಬೇಡಿರಿ, ಪುಡಿಯ ಮಾತನ್ನು ವೈದ್ಯರಿಂದ ಮುಚ್ಚಿಡಬೇಡಿರಿ ಎಂದು ಉತ್ತರಿಸಿದೆ. ಪ್ರಯೋಗಾಲಯದ ಶುದ್ಧ ಅಣುವೇ ಬೇರೆ, ಪೊಟ್ಟಣದ ಪುಡಿಯೇ ಬೇರೆ. ಚಿಂಗ್‌ದಾಯ್ ಸೇವಿಸಿದ ಕೆಲವು ಕರುಳುರೋಗಿಗಳಲ್ಲಿ ಶ್ವಾಸಕೋಶದ ರಕ್ತನಾಳಗಳ ಒತ್ತಡ ಏರಿದ್ದನ್ನು ಕಂಡು ಜಪಾನಿನ ಆರೋಗ್ಯ ಸಚಿವಾಲಯವು 2016ರಲ್ಲಿ ಎಚ್ಚರಿಕೆ ಹೊರಡಿಸಬೇಕಾಯಿತು.