ಮೊದಲಿನ ಅಶ್ವತ್ಥ್, ಆಮೇಲಿನ ಅಶ್ವತ್ಥ್

ನವೆಂಬರ್ ಬಂತೆಂದರೆ ಅತ್ತಿಗುಪ್ಪೆ, ವಿಜಯನಗರ, ರಾಜಾಜಿನಗರದ ಬೀದಿಗಳಲ್ಲಿ ರಾಜ್ಯೋತ್ಸವದ ಪೆಂಡಾಲುಗಳು ಏಳುತ್ತವೆ. ಧ್ವನಿವರ್ಧಕದಲ್ಲಿ ಸಿ. ಅಶ್ವತ್ಥ್ ಅವರ ಕಂಠ ಮೊಳಗುತ್ತದೆ. ಸುಗಮ ಸಂಗೀತದ ಅಭಿಮಾನಿಗಳು ನಾಲ್ವರು ಕೂಡಿದಲ್ಲಿ ಒಂದು ಹಳೆಯ ವಾದವೂ ಅದರ ಜೊತೆಗೇ ಏಳುತ್ತದೆ: ಹಾರ್ಮೋನಿಯಂ, ತಬಲಾಗಳ ನಡುವೆ ಕುಳಿತು ಹಾಡಿದ ಮೊದಲಿನ ಅಶ್ವತ್ಥ್ ಮೇಲೋ, ಭಾರಿ ವಾದ್ಯವೃಂದ ಕಟ್ಟಿಕೊಂಡು ಮೈದಾನ ತುಂಬಿಸಿದ ಆಮೇಲಿನ ಅಶ್ವತ್ಥ್ ಮೇಲೋ?

ಈ ಜಗಳ ಕನ್ನಡಕ್ಕಷ್ಟೇ ಸೇರಿದ್ದಲ್ಲ. 1965ರಲ್ಲಿ ಅಮೆರಿಕದ ನ್ಯೂಪೋರ್ಟ್ ಜಾನಪದ ಸಂಗೀತೋತ್ಸವದಲ್ಲಿ ಬಾಬ್ ಡಿಲನ್ ಎಲೆಕ್ಟ್ರಿಕ್ ಗಿಟಾರ್ ಹಿಡಿದು ಬಂದಾಗ ಸಭೆಯ ಒಂದು ಭಾಗ ಕೂಗಿ ಪ್ರತಿಭಟಿಸಿತು. ರಾಕ್ ತಂಡಗಳ ಈಚಿನ ಆಲ್ಬಂಗಳು ಮೊದಲಿನವುಗಳಿಗೆ ಸಮವೇ ಎಂಬ ಚರ್ಚೆ ಅಲ್ಲಿ ಇಂದಿಗೂ ಮುಗಿದಿಲ್ಲ.

ಕನ್ನಡದಲ್ಲಿ ಈ ಚರ್ಚೆಯ ಹಿಂದೆ ಹಾಡು ತಲುಪುವ ದಾರಿಗಳು ಬದಲಾದ ಕಥೆಯಿದೆ. ಪಿ. ಕಾಳಿಂಗರಾಯರ (1914–1981) ಕಾಲದ ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಿಗೆ ಮೂರು, ಮೂರೂವರೆ ನಿಮಿಷಕ್ಕಿಂತ ಹೆಚ್ಚು ಹಿಡಿಯುತ್ತಿರಲಿಲ್ಲ. ಪದ್ಯ ಅಷ್ಟರಲ್ಲೇ ಮುಗಿಯಬೇಕಿತ್ತು. 1978ರಲ್ಲಿ ಮೈಸೂರು ಅನಂತಸ್ವಾಮಿಯವರ ಸಂಗೀತದಲ್ಲಿ ಕೆ.ಎಸ್. ನಿಸಾರ್ ಅಹಮದ್ ಅವರ ‘ನಿತ್ಯೋತ್ಸವ’ ಕ್ಯಾಸೆಟ್ ಬಂದ ಮೇಲೆ ಈ ಇಕ್ಕಟ್ಟು ಸಡಿಲಿತು. ಒಬ್ಬ ಕವಿಯ ಎಂಟು ಹತ್ತು ಕವಿತೆಗಳು ಒಟ್ಟಿಗೆ ಮನೆಯೊಳಗೆ ಬಂದವು. ಕ್ಯಾಸೆಟ್ ಕೇಳುವವರು ಮನೆಯಲ್ಲೇ ಕುಳಿತು ಪದ ಪದವನ್ನೂ ಆಲಿಸಬಹುದಿತ್ತು. ಆದ್ದರಿಂದ ವಾದ್ಯ ಹಿಂದೆ, ಮಾತು ಮುಂದೆ ಎಂಬುದು ಸಹಜವಾಗಿಯೇ ನಿಯಮವಾಯಿತು.

ಅಶ್ವತ್ಥ್ (1939–2009) ಐಟಿಐ ಕಾರ್ಖಾನೆಯ ಉದ್ಯೋಗದಲ್ಲಿದ್ದುಕೊಂಡೇ ರಂಗಭೂಮಿ, ಸಿನಿಮಾಗಳಲ್ಲಿ ಪಳಗಿದವರು. ಕೋರಸ್ಸು, ಪಿಟೀಲುಗಳ ಸಮೂಹ, ತಾಳವಾದ್ಯಗಳ ಅಬ್ಬರ ಅವರಿಗೆ ಅಲ್ಲಿಂದ ಬಂದ ಬಳುವಳಿ. 1990ರ ‘ಸಂತ ಶಿಶುನಾಳ ಶರೀಫ’ ಚಿತ್ರ ಅವರ ತಾರಕದ ದನಿಯನ್ನು ನಾಡಿನ ಉದ್ದಗಲಕ್ಕೂ ಒಯ್ದಿತು. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ನಡೆದ ‘ಕನ್ನಡವೇ ಸತ್ಯ’ ಕಾರ್ಯಕ್ರಮದಲ್ಲಿ ಭಾವಗೀತೆ ಜನಸಾಗರದ ಮುಂದೆ ನಿಂತಿತು. ಬೈಠಕ್ಕಿನಲ್ಲಿ ಪಿಸುದನಿಗೂ ಬೆಲೆಯುಂಟು. ಮೈದಾನದಲ್ಲಿ ಅದು ಮೂರನೆಯ ಸಾಲಿಗೂ ಕೇಳಿಸದು. ಅಲ್ಲಿ ಪಲ್ಲವಿಯನ್ನು ಮತ್ತೆ ಮತ್ತೆ ಎತ್ತಬೇಕು, ದನಿ ಏರಿಸಬೇಕು, ಜನರೂ ಕೂಡಿ ಹಾಡುವಂತಿರಬೇಕು.

ಕವಿತೆಯ ಸೂಕ್ಷ್ಮ ಈ ಅಬ್ಬರದಲ್ಲಿ ನಲುಗಿತೆಂಬುದು ಒಂದು ಪಕ್ಷ. ಪುಸ್ತಕ ತೆರೆಯದವರ ನಾಲಿಗೆಯ ಮೇಲೂ ಕವಿತೆ ಕುಣಿಯಿತಲ್ಲ ಎಂಬುದು ಇನ್ನೊಂದು. ಎರಡೂ ನಿಜ. ಆದರೆ ತೀರ್ಪು ಯಾವ ಕವಿಯ ಹಾಡು ಎಂಬುದನ್ನೂ ಅವಲಂಬಿಸಿದೆ. ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರ ಮಲ್ಲಿಗೆ’ 1942ರಲ್ಲೇ ಅಚ್ಚಾದ ಕೃತಿ. ಗಂಡ ಹೆಂಡಿರ ಏಕಾಂತದ ಮಾತು ಡೋಲಿನ ಸದ್ದಿನಲ್ಲಿ ಮುಳುಗಿದರೆ ಪುಸ್ತಕ ಹಿಡಿದು ಆಕ್ಷೇಪಿಸುವ ಹಕ್ಕು ಓದುಗನಿಗಿದೆ.

ಶರೀಫರ ವಿಷಯ ಬೇರೆ. ಅವರು ತೀರಿಕೊಂಡದ್ದು 1889ರಲ್ಲಿ. ಭಾರತದಲ್ಲಿ ಗ್ರಾಮಫೋನ್ ಧ್ವನಿಮುದ್ರಣ ಆರಂಭವಾದದ್ದು 1902ರಲ್ಲಿ. ಅವರ ತತ್ವಪದಗಳು ಭಜನೆಯ ಮೇಳಗಳಲ್ಲಿ ಬಾಯಿಂದ ಬಾಯಿಗೆ ದಾಟಿ ಬಂದವು. ‘ಅಸಲು ಧಾಟಿ’ ಇದೇ ಎಂದು ತೋರಿಸಬಲ್ಲ ಮುದ್ರಿಕೆ ಎಲ್ಲಿಯೂ ಇಲ್ಲ. 2008ರಲ್ಲಿ ರಘು ದೀಕ್ಷಿತ್ ಅವರ ತಂಡ ತನ್ನ ಮೊದಲ ಆಲ್ಬಂನಲ್ಲಿ ‘ಸೋರುತಿಹುದು ಮನಿಯ ಮಾಳಿಗಿ’ಯನ್ನು ಗಿಟಾರಿನೊಡನೆ ಹಾಡಿದಾಗ ಅನೇಕರ ಕಿವಿಯಲ್ಲಿ ಹೋಲಿಕೆಗೆಂದು ಇದ್ದದ್ದು ಸಿನಿಮಾದ ಅಶ್ವತ್ಥ್ ಧಾಟಿಯೇ. ಒಂದು ಕಾಲಕ್ಕೆ ಅಬ್ಬರವೆನಿಸಿಕೊಂಡದ್ದು ಹದಿನೆಂಟು ವರ್ಷಗಳಲ್ಲಿ ಸಂಪ್ರದಾಯವಾಗಿತ್ತು.

ಹಳೆಯದು ಮೇಲೋ ಹೊಸದು ಮೇಲೋ ಎಂದು ಕೇಳುವ ಮುನ್ನ, ಈ ಹಾಡು ಒಬ್ಬನ ಕಿವಿಗೋ, ಊರಿನ ಬಾಯಿಗೋ ಎಂದು ಕೇಳಿಕೊಳ್ಳುವುದು ಒಳ್ಳೆಯದು.