ಮಯೋಸೈಟಿಸ್ ಮತ್ತು ಶ್ವಾಸಕೋಶ

ಮಯೋಸೈಟಿಸ್ ಎಂದರೆ ಸ್ನಾಯುಗಳ ಉರಿಯೂತ. ರೋಗಾಣುಗಳನ್ನು ಹೊಡೆಯಬೇಕಾದ ರೋಗನಿರೋಧಕ ಕೋಶಗಳು ಸ್ವಂತ ದೇಹದ ಮೇಲೇ ತಿರುಗಿಬಿದ್ದಾಗ ಬರುವ ಅಪರೂಪದ ಕಾಯಿಲೆಗಳ ಗುಂಪಿಗೆ ಈ ಹೆಸರಿದೆ. ತೊಡೆ, ಸೊಂಟ, ಭುಜಗಳ ಕಸುವು ಕೆಲವು ವಾರ ಅಥವಾ ತಿಂಗಳುಗಳಲ್ಲಿ ಕುಂದುವುದು ಮುಖ್ಯ ಲಕ್ಷಣ. ರೋಗಿಗಳಲ್ಲಿ ಹತ್ತಕ್ಕೆ ಸುಮಾರು ನಾಲ್ವರಿಗೆ ಶ್ವಾಸಕೋಶವೂ ಕೆಡುತ್ತದೆ. ಈ ಕಾಯಿಲೆಯಿಂದಾಗುವ ಸಾವುಗಳಿಗೆ ಅದೊಂದು ಪ್ರಮುಖ ಕಾರಣ.

ವಿಧಗಳು ಮತ್ತು ರೋಗನಿರೋಧಕ ಕೋಶಗಳು

ಸ್ನಾಯುವಿನ ತುಣುಕನ್ನು ಸೂಕ್ಷ್ಮದರ್ಶಕದಡಿ ಇಟ್ಟರೆ ವಿಧದಿಂದ ವಿಧಕ್ಕೆ ಬೇರೆ ಬೇರೆ ಕೋಶಗಳು ಕಾಣುತ್ತವೆ. ಚರ್ಮಕ್ಕೂ ತಗಲುವ ಡರ್ಮಟೊಮಯೋಸೈಟಿಸ್‌ನಲ್ಲಿ ಬಿ ಕೋಶಗಳು, ಸಿಡಿ4 ಟಿ ಕೋಶಗಳು ಮತ್ತು ಡೆಂಡ್ರಿಟಿಕ್ ಕೋಶಗಳು ಸಣ್ಣ ರಕ್ತನಾಳಗಳ ಸುತ್ತ ಗುಂಪುಗೂಡಿರುತ್ತವೆ. ರೋಗನಿರೋಧಕ ವ್ಯವಸ್ಥೆಯದೇ ಆದ ಕಾಂಪ್ಲಿಮೆಂಟ್ ಪ್ರೋಟೀನು ಲೋಮನಾಳಗಳ ಗೋಡೆಯಲ್ಲಿ ಕೂತು ಅವನ್ನು ಹಾಳುಮಾಡುತ್ತದೆ. ಸ್ನಾಯುಕಟ್ಟಿನ ಅಂಚಿನ ಎಳೆಗಳು ಸೊರಗುತ್ತವೆ. ಪಾಲಿಮಯೋಸೈಟಿಸ್ ಮತ್ತು ಇನ್‌ಕ್ಲೂಷನ್ ಬಾಡಿ ಮಯೋಸೈಟಿಸ್‌ಗಳಲ್ಲಿ ಸಿಡಿ8 ಟಿ ಕೋಶಗಳು ಸತ್ತಿರದ ಸ್ನಾಯು ಎಳೆಯೊಳಕ್ಕೇ ನುಗ್ಗುತ್ತವೆ. ನೆಕ್ರೋಟೈಸಿಂಗ್ ವಿಧದಲ್ಲಿ ಟಿ ಕೋಶಗಳು ಕಡಿಮೆ. ಸತ್ತ ಎಳೆಗಳನ್ನು ತಿಂದು ತೆರವು ಮಾಡುವ ಮ್ಯಾಕ್ರೊಫೇಜ್‌ಗಳೇ ಹೆಚ್ಚು.

ಶ್ವಾಸಕೋಶದೊಂದಿಗೆ ಗಾಢ ನಂಟಿರುವ ವಿಧ ಆಂಟಿಸಿಂಥಟೇಸ್ ಸಿಂಡ್ರೋಮ್. ಪ್ರೋಟೀನು ಕಟ್ಟಲು ಜೀವಕೋಶಕ್ಕೆ ಬೇಕಾದ ಕಿಣ್ವಗಳ ವಿರುದ್ಧವೇ ಇಲ್ಲಿ ಪ್ರತಿಕಾಯಗಳು ತಯಾರಾಗುತ್ತವೆ. ಅವುಗಳಲ್ಲಿ ಸಾಮಾನ್ಯವಾದ ಆಂಟಿ-ಜೋ-1 ಅನ್ನು 1980ರಲ್ಲಿ ವಿವರಿಸಲಾಯಿತು. ಜ್ವರ, ಕೀಲುನೋವು, ಚಳಿಗೆ ಬೆರಳು ಬಿಳಿಚುವುದು, ಬೆರಳಂಚಿನ ಚರ್ಮ ಒರಟಾಗಿ ಸೀಳುವುದು ಇದರ ಜೊತೆಗಾರ ಲಕ್ಷಣಗಳು. ಹಲವರಲ್ಲಿ ಕೆಮ್ಮು, ಉಬ್ಬಸ ಮೊದಲು ಬಂದು ಸ್ನಾಯುಬಲ ಆಮೇಲೆ ಕುಂದುತ್ತದೆ. ಹೀಗಾಗಿ ಪ್ರತಿರಕ್ಷೆಯ ತಪ್ಪು ಮೊದಲು ಶ್ವಾಸಕೋಶದಲ್ಲೇ ಶುರುವಾಗಿರಬಹುದೆಂಬ ವಾದವಿದೆ. ಧೂಮಪಾನಕ್ಕೂ ಆಂಟಿ-ಜೋ-1ಗೂ ಇರುವ ಸಂಬಂಧ ಅದಕ್ಕೆ ಪುಷ್ಟಿ ಕೊಡುತ್ತದೆ.

ಶ್ವಾಸಕೋಶದಲ್ಲಿ ಆಗುವುದು

ಗಾಳಿಚೀಲಗಳ ನಡುವಿನ ತೆಳು ಗೋಡೆಯಲ್ಲಿ ಟಿ ಕೋಶಗಳು ಸೇರಿಕೊಂಡು, ಗೋಡೆ ದಪ್ಪವಾಗಿ, ಕ್ರಮೇಣ ನಾರುಗಟ್ಟುತ್ತದೆ. ಆಮ್ಲಜನಕ ರಕ್ತಕ್ಕೆ ದಾಟುವುದು ಕಷ್ಟವಾಗುತ್ತದೆ. ಇದನ್ನು ಐಎಲ್‌ಡಿ (ಇಂಟರ್‌ಸ್ಟಿಷಿಯಲ್ ಲಂಗ್ ಡಿಸೀಸ್) ಎನ್ನುತ್ತಾರೆ.

2005ರಲ್ಲಿ ಜಪಾನಿನ ಸಂಶೋಧಕರು ವರದಿಮಾಡಿದ, ಈಗ ಆಂಟಿ-ಎಂಡಿಎ5 ಎಂದು ಕರೆಯುವ ಪ್ರತಿಕಾಯ ಇರುವವರಲ್ಲಿ ಅಪಾಯ ಇನ್ನೂ ತೀವ್ರ. ಸ್ನಾಯುಬಲ ಹೆಚ್ಚೇನೂ ಕುಂದಿರುವುದಿಲ್ಲ, ಆದರೂ ಶ್ವಾಸಕೋಶ ಕೆಲವೇ ವಾರಗಳಲ್ಲಿ ಕೈಕೊಡಬಹುದು. ರಕ್ತದಲ್ಲಿ ಲಿಂಫೊಸೈಟ್ ಎಂಬ ಬಿಳಿ ರಕ್ತಕಣಗಳು ಇಳಿದು ಫೆರಿಟಿನ್ ಎಂಬ ಪ್ರೋಟೀನು ಏರುವುದು ಮುನ್ಸೂಚನೆ. ಏರಿದ ಫೆರಿಟಿನ್, ಮ್ಯಾಕ್ರೊಫೇಜ್‌ಗಳು ಕೆರಳಿರುವ ಗುರುತು.

ಎಲ್ಲ ಉಬ್ಬಸವೂ ಐಎಲ್‌ಡಿ ಅಲ್ಲ. ಉಸಿರೆಳೆಯುವ ಮುಖ್ಯ ಸ್ನಾಯುವಾದ ವಪೆ ದುರ್ಬಲವಾದರೆ ಶ್ವಾಸಕೋಶ ಚೆನ್ನಾಗಿದ್ದರೂ ಉಸಿರು ಸಾಲದು. ಗಂಟಲಿನ ಸ್ನಾಯು ಸೋತರೆ ಅನ್ನ, ನೀರು ಶ್ವಾಸನಾಳಕ್ಕಿಳಿದು ನ್ಯುಮೋನಿಯಾ ಆಗುತ್ತದೆ.

ಪತ್ತೆ

ರಕ್ತದಲ್ಲಿ ಸಿಪಿಕೆ (ಸ್ನಾಯುವಿಗೆ ಹಾನಿಯಾದಾಗ ಏರುವ ಕಿಣ್ವ), ಮಯೋಸೈಟಿಸ್ ಪ್ರತಿಕಾಯಗಳ ಪಟ್ಟಿ, ತೊಡೆಯ ಎಂಆರ್‌ಐ, ಅಗತ್ಯವಿದ್ದರೆ ಬಯಾಪ್ಸಿ ಮಾಡಿಸುತ್ತಾರೆ. ಎಎನ್ಎ ಪರೀಕ್ಷೆ ‘ನೆಗೆಟಿವ್’ ಬಂದ ಮಾತ್ರಕ್ಕೆ ನಿಶ್ಚಿಂತೆಯಿಲ್ಲ: ಆ ಪರೀಕ್ಷೆ ಹುಡುಕುವುದು ಕೋಶಕೇಂದ್ರಕ್ಕೆ ಅಂಟುವ ಪ್ರತಿಕಾಯಗಳನ್ನು, ಆಂಟಿ-ಜೋ-1ರ ಗುರಿಯಿರುವುದು ಕೇಂದ್ರದ ಹೊರಗೆ. ಎದೆಯ ಸಾದಾ ಎಕ್ಸ್-ರೇಯಲ್ಲಿ ಆರಂಭದ ಐಎಲ್‌ಡಿ ತಪ್ಪಿಹೋಗಬಹುದು. ಎಚ್‌ಆರ್‌ಸಿಟಿ ಎಂಬ ಸೂಕ್ಷ್ಮ ಸಿಟಿ ಸ್ಕ್ಯಾನ್ ಮತ್ತು ಉಸಿರಾಟ ಸಾಮರ್ಥ್ಯದ ಪರೀಕ್ಷೆ ಬೇಕು. ಕಾಲಿನ ಕಸುವಿಲ್ಲದವರು ಓಡಾಡುವುದೇ ಕಡಿಮೆ, ಹಾಗಾಗಿ ಉಬ್ಬಸ ಅವರ ಅರಿವಿಗೇ ಬಾರದಿರಬಹುದು. ದೂರು ಇಲ್ಲದಿದ್ದರೂ ಎದೆಯ ತಪಾಸಣೆ ಮೊದಲೇ ಆಗಬೇಕೆನ್ನುವುದು ಇದಕ್ಕೇ.

ವಿಜಯಪುರ ಭಾಗದಲ್ಲಿ

ವಿಜಯಪುರ ನಗರದಲ್ಲಿ ಎರಡು ವೈದ್ಯಕೀಯ ಕಾಲೇಜುಗಳಿವೆ: ಅಲ್-ಅಮೀನ್ (1984) ಮತ್ತು ಬಿಎಲ್‌ಡಿಇ ಸಂಸ್ಥೆಯ ಶ್ರೀ ಬಿ.ಎಂ. ಪಾಟೀಲ ವೈದ್ಯಕೀಯ ಕಾಲೇಜು (1986). ತಿಕೋಟಾ, ಬಬಲೇಶ್ವರ ತಾಲ್ಲೂಕುಗಳ ಜನ ದೊಡ್ಡ ತಪಾಸಣೆಗೆ ಬರುವುದು ಈ ನಗರಕ್ಕೆ. ಸ್ನಾಯು ಬಯಾಪ್ಸಿಯ ವಿಶೇಷ ಅಧ್ಯಯನಕ್ಕೆ ರಾಜ್ಯದಲ್ಲಿ ಹೆಸರಾದದ್ದು ಬೆಂಗಳೂರಿನ ನಿಮ್ಹಾನ್ಸ್.

ದ್ರಾಕ್ಷಿ, ಬಿಳಿಜೋಳದ ಈ ಸೀಮೆಯಲ್ಲಿ ರೋಗ ಮರೆಯಾಗಲು ದಾರಿಗಳು ಹಲವು. ದ್ರಾಕ್ಷಿ ಪಡದಲ್ಲಿ ದುಡಿಯುವವರ ಕೈ ಸೀಳಿದ್ದರೆ ಅದನ್ನು ದುಡಿಮೆಯ ಗುರುತೆಂದೇ ತಿಳಿಯುತ್ತಾರೆ. ‘ದಮ್ಮ ಹತ್ತತೈತಿ’ ಎಂದರೆ ರಾಶಿಯ ಧೂಳು, ಔಷಧ ಸಿಂಪರಣೆಗಳತ್ತ ಬೊಟ್ಟು ಹೋಗುತ್ತದೆ. ‘ಕುಂತ್ರ ಏಳಾಕ ಬರವಲ್ದು’ ಎಂಬುದು ಸಂದಿವಾತದ ಲೆಕ್ಕಕ್ಕೆ ಸೇರುತ್ತದೆ. ಆದರೆ ನೆಲದಿಂದ ಏಳಲು, ತಲೆ ಬಾಚಲು, ಬಸ್ಸಿನ ಮೆಟ್ಟಿಲು ಹತ್ತಲು ಆಗದಿರುವುದು ಮಯೋಸೈಟಿಸ್‌ನ ನೇರ ಲಕ್ಷಣಗಳು. ಡರ್ಮಟೊಮಯೋಸೈಟಿಸ್‌ನ ಗುರುತಾದ ಕಣ್ಣುರೆಪ್ಪೆಯ ನೇರಳೆ ಬಣ್ಣ ಕಂದು ಮೈಬಣ್ಣದಲ್ಲಿ ಬರೀ ಕಪ್ಪಾದಂತೆ ಕಾಣುತ್ತದೆ. ಬಿಸಿಲು ಚರ್ಮದ ರೋಗವನ್ನು ಕೆರಳಿಸುವುದರಿಂದ ಹೊಲದಲ್ಲಿ ತಲೆವಸ್ತ್ರ, ತುಂಬುತೋಳಿನ ಅಂಗಿ ಔಷಧಿಯಷ್ಟೇ ಮುಖ್ಯ. ಎದೆಯ ಚಿತ್ರದ ನೆರಳನ್ನು ಕ್ಷಯವೆಂದು ತಿಳಿಯುವ ಸಾಧ್ಯತೆಯೂ ಇದೆ; ಕಫದ ಪರೀಕ್ಷೆಯಿಂದ ಅದನ್ನು ಖಚಿತಪಡಿಸಿಕೊಳ್ಳಬೇಕು.

ಚಿಕಿತ್ಸೆ

ಪ್ರೆಡ್ನಿಸೋಲೋನ್‌ನಂಥ ಸ್ಟೀರಾಯ್ಡ್‌ನಿಂದ ಆರಂಭ. ಶ್ವಾಸಕೋಶ ಕೆಟ್ಟಿದ್ದರೆ ಮೈಕೋಫಿನೊಲೇಟ್, ಟ್ಯಾಕ್ರೊಲಿಮಸ್, ಸೈಕ್ಲೊಫಾಸ್ಫಮೈಡ್‌ಗಳಲ್ಲಿ ಒಂದನ್ನು, ಇಲ್ಲವೇ ಬಿ ಕೋಶಗಳನ್ನು ಕಡಿಮೆ ಮಾಡುವ ರಿಟುಕ್ಸಿಮ್ಯಾಬ್ ಅನ್ನು ಸೇರಿಸುತ್ತಾರೆ. ಮೆಥೊಟ್ರೆಕ್ಸೇಟ್ ಸ್ವತಃ ಶ್ವಾಸಕೋಶಕ್ಕೆ ಹಾನಿ ಮಾಡಬಲ್ಲದಾದ್ದರಿಂದ ಐಎಲ್‌ಡಿ ಇರುವವರಿಗೆ ಸಾಮಾನ್ಯವಾಗಿ ಕೊಡುವುದಿಲ್ಲ. ಈ ಔಷಧಿಗಳು ಅಡಗಿರುವ ಕ್ಷಯವನ್ನು ಎಬ್ಬಿಸಬಲ್ಲವು. ಅದರ ತಪಾಸಣೆ ಮೊದಲೇ ಆಗಬೇಕು. ವ್ಯಾಯಾಮವನ್ನು ತಜ್ಞರ ನಿಗಾದಲ್ಲಿ ಮಾಡಬಹುದು. ಕಸುವು ಮರಳಿತೆಂದು ಸ್ಟೀರಾಯ್ಡ್ ಅನ್ನು ತಾವಾಗಿಯೇ ನಿಲ್ಲಿಸುವುದು ಅಪಾಯಕರ. ಸಿಪಿಕೆ ಇಳಿದರೂ ಶ್ವಾಸಕೋಶದ ಉರಿಯೂತ ಮುಂದುವರಿಯಬಹುದು, ಆದ್ದರಿಂದ ಉಸಿರಾಟದ ಪರೀಕ್ಷೆಯನ್ನು ಆಗಾಗ ಮಾಡಿಸುತ್ತಲೇ ಇರಬೇಕಾಗುತ್ತದೆ.