ಒಂದು ಗಂಟೆ, ಎರಡು ಅರ್ಥ



ಖಾನಾಪುರ ತಾಲ್ಲೂಕಿನ ಮಳೆಯನ್ನು ಕಂಡವರಿಗೆ ಅದನ್ನು ವರ್ಣಿಸಿ ಹೇಳಬೇಕಾಗಿಲ್ಲ. ನಾನು ಅಲ್ಲಿಯ ಪ್ರೌಢಶಾಲೆಯೊಂದರಲ್ಲಿ ಅಧ್ಯಾಪಕನಾಗಿದ್ದಾಗ, ಪಡಸಾಲೆಯ ತೊಲೆಗೆ ತೂಗುಹಾಕಿದ್ದ ರೈಲು ಹಳಿಯ ತುಂಡೇ ನಮ್ಮ ಗಂಟೆ. ಒಂದು ಆಷಾಢದ ಮಧ್ಯಾಹ್ನ ಕೊಠಡಿಯೊಂದರ ಮಣ್ಣಿನ ಗೋಡೆ ಬಿರುಕು ಬಿಟ್ಟಿರುವುದನ್ನು ಕಂಡ ಜವಾನ, ಮಕ್ಕಳನ್ನು ಎಚ್ಚರಿಸಲೆಂದು ಒಂದೇ ಸಮನೆ ಗಂಟೆ ಬಾರಿಸಿದ. ಆದರೆ ಒಂದೇ ಸಮನೆ ಬಾರಿಸಿದರೆ ಶಾಲೆ ಬಿಟ್ಟಿತೆಂದೇ ರೂಢಿ. ಮಕ್ಕಳು ಕೇಕೆ ಹಾಕುತ್ತ ಆ ಗೋಡೆಯ ಪಕ್ಕದಿಂದಲೇ ಓಡಿದರು. ದೇವರ ದಯೆಯಿಂದ ಗೋಡೆ ಬಿದ್ದದ್ದು ಆ ರಾತ್ರಿ.

ಅಂದು ಓಡಿದ ಹುಡುಗರಲ್ಲೊಬ್ಬ ಈಗ ವಿಮಾನದ ಪೈಲಟ್. ಅವನನ್ನು ಬೀಳ್ಕೊಡಲು ಸಾಂಬ್ರಾ ನಿಲ್ದಾಣಕ್ಕೆ ಹೋಗಿದ್ದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರಲ್ಲಿ, ಬ್ರಿಟಿಷರ ವಾಯುಪಡೆ ನಿರ್ಮಿಸಿದ ನಿಲ್ದಾಣವದು. ಹಳೆಯ ಮಾತು ಬಂದಾಗ ಅವನು ನಕ್ಕು, “ಸರ್, ನಾನು ಹಾರಿಸುವ ವಿಮಾನದಲ್ಲೂ ಆ ಹಳಿಯ ತುಂಡು ಇನ್ನೂ ಇದೆ” ಎಂದ. ಆ ಮಾತು ನನ್ನನ್ನು ಬಹಳ ದಿನ ಕಾಡಿತು. ಅದರ ಇತಿಹಾಸವನ್ನು ಓದಿ ತಿಳಿದಷ್ಟನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ರಾಜ್ಯದಲ್ಲೇ ನಡೆದ ಎರಡು ದುರಂತಗಳಿಂದ ಆರಂಭಿಸೋಣ. 1990ರ ಫೆಬ್ರವರಿ 14ರಂದು ಮುಂಬಯಿಯಿಂದ ಬಂದ ಇಂಡಿಯನ್ ಏರ್‌ಲೈನ್ಸಿನ ಎ-320 ವಿಮಾನವು ಬೆಂಗಳೂರಿನ ಎಚ್‌ಎಎಲ್ ನಿಲ್ದಾಣವನ್ನು ಮುಟ್ಟುವ ಮೊದಲೇ ಗಾಲ್ಫ್ ಮೈದಾನಕ್ಕೆ ಬಡಿಯಿತು. ಇದ್ದ 146 ಜನರಲ್ಲಿ 92 ಜನ ಅಸುನೀಗಿದರು. ಆಕಾಶ ನಿರ್ಮಲವಾಗಿತ್ತು, ವಿಮಾನವೂ ಹೊಸದು. ಎಂಜಿನ್‌ಗಳು ಅತಿ ಕಡಿಮೆ ಶಕ್ತಿಯಲ್ಲಿ ನಡೆಯುವ ಸ್ಥಿತಿಯಲ್ಲಿಯೇ ವಿಮಾನ ಇಳಿಯುತ್ತಿದ್ದುದು ಪೈಲಟ್‌ಗಳಿಗೆ ತಿಳಿಯುವಷ್ಟರಲ್ಲಿ ಕಾಲ ಮೀರಿತ್ತು. ಮುಂದಿನ ವರ್ಷಗಳಲ್ಲಿ ಈ ಬಗೆಯ ವಿಮಾನಗಳಿಗೆ, ಶಕ್ತಿ ಕುಂದಿದಾಗ “ಸ್ಪೀಡ್, ಸ್ಪೀಡ್” ಎಂದು ಬಾಯಿಬಿಟ್ಟು ಹೇಳುವ ಎಚ್ಚರಿಕೆ ಸೇರಿತು.

ಇಪ್ಪತ್ತು ವರ್ಷಗಳ ನಂತರ, 2010ರ ಮೇ 22ರ ಬೆಳಗ್ಗೆ, ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ಸಿನ ಬೋಯಿಂಗ್ 737 ಮಂಗಳೂರಿನ ಬಜ್ಪೆಯಲ್ಲಿ ರನ್‌ವೇ ದಾಟಿ ಕಣಿವೆಗೆ ಉರುಳಿತು. 158 ಜನ ಮಡಿದರು; ಎಂಟು ಮಂದಿ ಮಾತ್ರ ಉಳಿದರು. ಇಲ್ಲಿ ಯಂತ್ರ ಮೌನವಾಗಿರಲಿಲ್ಲ. ಅತಿ ವೇಗವಾಗಿ ಇಳಿಯುತ್ತಿರುವೆ, ಮೇಲಕ್ಕೇರು ಎಂದು ಅದು ಮತ್ತೆ ಮತ್ತೆ ಕೂಗಿತ್ತು. ಸಹ ಪೈಲಟ್ ಕೂಡ ಇಳಿಯುವುದು ಬೇಡ, ಮತ್ತೊಮ್ಮೆ ಸುತ್ತಿ ಬರೋಣ ಎಂದಿದ್ದರು. ಪಯಣದ ಬಹುಭಾಗ ನಿದ್ರಿಸಿದ್ದ ಕ್ಯಾಪ್ಟನ್ ಅದಕ್ಕೆ ಕಿವಿಗೊಡಲಿಲ್ಲ. ಹೀಗೆ ಗಂಟೆ ಇಲ್ಲದಿದ್ದರೂ ಅಪಾಯ, ಇದ್ದೂ ಕೇಳದಿದ್ದರೂ ಅಪಾಯ.

ಮೂರನೆಯದೊಂದು ಅಪಾಯವಿದೆ, ನಮ್ಮ ಶಾಲೆಯ ಕಥೆ ಅದಕ್ಕೇ ಸೇರಿದ್ದು. 2005ರ ಆಗಸ್ಟ್ 14ರಂದು ಹೀಲಿಯೋಸ್ ಸಂಸ್ಥೆಯ 737 ವಿಮಾನ ಗ್ರೀಸ್ ದೇಶದಲ್ಲಿ ಬಿದ್ದು 121 ಜನ ಸತ್ತರು. ಒಳಗಿನ ಗಾಳಿಯ ಒತ್ತಡ ಕುಸಿಯುತ್ತಿದೆಯೆಂದು ಕಹಳೆ ಮೊಳಗಿತ್ತು. ಆದರೆ ನೆಲದ ಮೇಲಿದ್ದಾಗ, ಹಾರಾಟಕ್ಕೆ ವಿಮಾನ ಸಜ್ಜಾಗಿಲ್ಲವೆಂದು ಹೇಳುವುದೂ ಅದೇ ಕಹಳೆಯೇ! ಪೈಲಟ್‌ಗಳು ತಪ್ಪಾಗಿ ಅರ್ಥೈಸಿದರು. ಬಳಿಕ ಪ್ರಾಣವಾಯುವಿಲ್ಲದೆ ಪ್ರಜ್ಞೆ ತಪ್ಪಿದರು.

ಇಂಥ ಹಳೆಯ ವ್ಯವಸ್ಥೆ ಏಕೆ ಉಳಿಯುತ್ತದೆ? 737 ಮೊದಲು ಹಾರಿದ್ದು 1967ರಲ್ಲಿ. ಆಮೇಲಿನ ಮಾದರಿಗಳೆಲ್ಲ ಹೊಸ ಪ್ರಮಾಣಪತ್ರ ಪಡೆದವಲ್ಲ; ಮೂಲ ಪ್ರಮಾಣಪತ್ರದ ತಿದ್ದುಪಡಿಗಳ ಮೇಲೆಯೇ ಬಂದವು. ಇತರ ಆಧುನಿಕ ವಿಮಾನಗಳಲ್ಲಿ ದೋಷ ಯಾವುದು, ಮೊದಲು ಗಮನಿಸಬೇಕಾದದ್ದು ಯಾವುದು ಎಂಬುದು ಪರದೆಯ ಮೇಲೆ ಅಕ್ಷರಗಳಲ್ಲಿ ಕ್ರಮವಾಗಿ ಮೂಡುತ್ತದೆ. 737ರಲ್ಲಿ ಬಿಡಿಬಿಡಿ ದೀಪಗಳನ್ನು ನೋಡಿ ಪೈಲಟ್ ತಾನೇ ಕಾರಣವನ್ನು ಹುಡುಕಿಕೊಳ್ಳಬೇಕು. ಹಳೆಯದನ್ನು ಉಳಿಸಿಕೊಂಡರೆ ಪೈಲಟ್‌ಗಳಿಗೆ ಹೊಸ ತರಬೇತಿಯ ಖರ್ಚು ಕಡಿಮೆ ಎಂಬುದು ಇದರ ಹಿಂದಿನ ಲೆಕ್ಕ.

ಆ ಲೆಕ್ಕ 737 ಮ್ಯಾಕ್ಸ್ ವಿಮಾನದಲ್ಲಿ ತಪ್ಪಿತು. 2018ರ ಅಕ್ಟೋಬರಿನಲ್ಲಿ ಇಂಡೋನೇಷ್ಯಾದಲ್ಲಿ 189 ಜನ, 2019ರ ಮಾರ್ಚಿನಲ್ಲಿ ಇಥಿಯೋಪಿಯಾದಲ್ಲಿ 157 ಜನ ಬಲಿಯಾದರು. ಮೊದಲನೆಯ ವಿಮಾನದ ಕ್ಯಾಪ್ಟನ್ ನಮ್ಮ ದೆಹಲಿಯ ಭವ್ಯೆ ಸುನೇಜಾ. ಒಂದೇ ಸಂವೇದಕದ ತಪ್ಪು ಮಾಹಿತಿಯನ್ನು ನಂಬಿದ ತಂತ್ರಾಂಶವು ವಿಮಾನದ ಮೂಗನ್ನು ಕೆಳಕ್ಕೆ ತಳ್ಳುತ್ತಿದ್ದಾಗ ಹಲವು ಎಚ್ಚರಿಕೆಗಳು ಒಟ್ಟಿಗೇ ಮೊಳಗಿದವು. ಇಷ್ಟು ಗದ್ದಲದಲ್ಲಿ ಮನುಷ್ಯ ಹೇಗೆ ವರ್ತಿಸುತ್ತಾನೆಂಬುದನ್ನು ಪ್ರಮಾಣೀಕರಣದ ವೇಳೆ ಸರಿಯಾಗಿ ಪರಿಗಣಿಸಿರಲಿಲ್ಲವೆಂದು ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿಯೇ 2019ರಲ್ಲಿ ಹೇಳಿತು.

2020ರ ಡಿಸೆಂಬರಿನಲ್ಲಿ ಅಮೆರಿಕ ಕಾನೂನು ಮಾಡಿತು: ಎರಡು ವರ್ಷಗಳ ನಂತರ ಆಧುನಿಕ ಎಚ್ಚರಿಕೆ ವ್ಯವಸ್ಥೆಯಿಲ್ಲದ ವಿಮಾನಕ್ಕೆ ಪ್ರಮಾಣಪತ್ರವಿಲ್ಲ. ಗಡುವು ಸಮೀಪಿಸಿದಾಗ ವಾದ ಎದ್ದಿತು. ಒಂದೇ ಕುಟುಂಬದ ವಿಮಾನಗಳಲ್ಲಿ ಎರಡು ಬಗೆಯ ವ್ಯವಸ್ಥೆಯಿದ್ದರೆ ಪೈಲಟ್‌ಗಳಿಗೆ ಗೊಂದಲವೆಂದು ಬೋಯಿಂಗ್ ಹೇಳಿತು. ಅಮೆರಿಕನ್ ಏರ್‌ಲೈನ್ಸಿನ ಪೈಲಟ್‌ಗಳ ಸಂಘ ವಿನಾಯಿತಿಯನ್ನು ವಿರೋಧಿಸಿತು. ಮಡಿದವರ ಕುಟುಂಬಗಳೂ ವಿರೋಧಿಸಿದವು. ಕೊನೆಗೆ 2022ರ ಡಿಸೆಂಬರಿನಲ್ಲಿ, ಕೆಲವು ಹೆಚ್ಚುವರಿ ಸುಧಾರಣೆಗಳ ಷರತ್ತಿನ ಮೇಲೆ ವಿನಾಯಿತಿ ದೊರೆಯಿತು.

ನನ್ನ ಶಿಷ್ಯನಿಗೆ ಎರಡು ವಾದಗಳಲ್ಲೂ ಹುರುಳು ಕಾಣುತ್ತದೆ. “ರೂಢಿಯಾದದ್ದು ಕೈಗೆ ಸುಲಭ ಸರ್. ಆದರೆ ರೂಢಿ ಸಾಲದ ದಿನವೇ ಗಂಟೆ ಸ್ಪಷ್ಟವಾಗಿರಬೇಕು” ಎಂದ. ಗಂಟೆ ಬಾರಿಸಿದ ಮಾತ್ರಕ್ಕೆ ಎಚ್ಚರಿಸಿದಂತಾಗದು. ಅದು ಕೇಳುವವನಿಗೆ ಅರ್ಥವಾಗಬೇಕು. ಅವನಿಗೆ ಅರ್ಥವಾಗುವುದೇ ಎಂದು ಪರೀಕ್ಷಿಸುವ ಹೊಣೆ ಪ್ರಮಾಣಪತ್ರ ಕೊಡುವವರದು.

ಗೋಡೆ ಬಿದ್ದ ಮರುದಿನ ಬೆಳಗಿನ ಪ್ರಾರ್ಥನೆಯ ಹೊತ್ತಿನಲ್ಲಿ ನಾವು ಹೊಸ ನಿಯಮ ಮಾಡಿದೆವು: ಅಪಾಯಕ್ಕೆ ಗಂಟೆಯಲ್ಲ, ಪಿ.ಟಿ. ಮಾಸ್ತರರ ಸೀಟಿ. ಖರ್ಚೇನೂ ಆಗಲಿಲ್ಲ. ಗೋಡೆ ಬೀಳುವ ಮೊದಲೇ ಆ ಬುದ್ಧಿ ಬರಲಿಲ್ಲವಲ್ಲ ಎಂಬ ಅಳುಕು ಮಾತ್ರ ಇಂದಿಗೂ ಉಳಿದಿದೆ.